ನಾಲ್ಕು ವರ್ಷ, ಎರಡು ಹೆಸರು

ಹೈದರಾಬಾದಿನಿಂದ ನಮ್ಮ ಕಲಬುರ್ಗಿಯ ಶಾಲಾ ಇಲಾಖೆಯ ಕಚೇರಿಗೆ ಬಂದ ಹುಕುಂ ಮೂರು ಪುಟದ್ದಿತ್ತು. ಮೊದಲ ಎರಡು ಪುಟಗಳನ್ನು ಎರಡೆರಡು ಸಲ ಓದಿದೆ, ಮೂರನೆಯದರ ಮೇಲೆ ಕಣ್ಣಾಡಿಸಿದೆ. ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ನಾಲ್ಕು ವರ್ಷ ಬಿಡದೆ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಗೆದ್ದ ಮಕ್ಕಳ ಪಟ್ಟಿ ಮಾಡಬೇಕು, ಅವರಿಗೆ ಸರಕಾರದ ಮೊಹರಿನ ಸನದು ಕೊಡಬೇಕು, ಕೊಡಲು ಹೈದರಾಬಾದಿನ ದೊಡ್ಡ ಸಾಹೇಬರೇ ಕಲಬುರ್ಗಿಗೆ ಬರುತ್ತಾರೆ. ಸನದು ಪಡೆದ ಹುಡುಗರಿಗೆ ಮುಂದಿನ ಶಾಲೆಯಲ್ಲಿ ಜಾಗ ಖಾತ್ರಿ. ಹುಡುಗಿಯರಿಗೆಂದು ಜಿಲ್ಲೆಗೊಂದು ಜಾಗವನ್ನು ಬೇರೆಯಾಗಿ ತೆಗೆದಿಟ್ಟಿದ್ದರು. ಸನದು ಪಡೆದ ಹುಡುಗಿ ಕಲಬುರ್ಗಿಯ ಉಸ್ತಾನಿ ಕ್ಲಾಸಿಗೆ ಸೇರಬಹುದು. ಅಂದರೆ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳುವವರನ್ನು ತಯಾರು ಮಾಡುವ ತರಗತಿ. ಇರಲು ಜಾಗ, ಊಟ ಎಲ್ಲ ಅಲ್ಲೇ.

ವಜೀಫಾ ಒಮ್ಮೆ ಸಿಕ್ಕರೆ ಸಾಕು ಎನ್ನುವಂಥದ್ದಾಗಿರಲಿಲ್ಲ. ಪ್ರತಿ ವರ್ಷ ಪರೀಕ್ಷೆಗೆ ಕೂತು ಹೊಸದಾಗಿ ಗೆಲ್ಲಬೇಕಿತ್ತು. ಒಂದು ವರ್ಷ ಗೆದ್ದವರು ಬೇಕಾದಷ್ಟಿದ್ದರು, ಎರಡು ವರ್ಷದವರೂ ಇದ್ದರು. ನಾಲ್ಕು ವರ್ಷ ಎಂದರೆ ಜ್ವರ ಬರಬಾರದು, ಮನೆಯಲ್ಲಿ ಸಾವಾಗಬಾರದು, ಮೇಷ್ಟರು ಬದಲಾಗಬಾರದು. ಇಷ್ಟೆಲ್ಲ ಆಗಿಯೂ ಗೆಲ್ಲುವ ಮಕ್ಕಳು ಕೆಲವರಿರುತ್ತಾರೆ. ಅಂಥವರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಚೇರಿಯ ಸಾಹೇಬರು ನನಗೇ ಕೊಟ್ಟದ್ದಕ್ಕೆ ಕಾರಣ, ನಾನು ತಪ್ಪು ಮಾಡುವುದಿಲ್ಲ ಎಂದು ನನಗಿದ್ದ ಹೆಸರು. ಆ ಹೆಸರು ನನಗೂ ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಕೆಲಸಕ್ಕೆ ಒಂದು ರೀತಿ ಮಾಡಿಕೊಂಡೆ. ವಜೀಫಾ ಗೆದ್ದ ಪ್ರತಿ ಮಗುವಿಗೂ ಕಾಗದದ ಒಂದು ಉದ್ದ ಚೀಟಿ. ಅದರಲ್ಲಿ ಹೆಸರು, ತಂದೆಯ ಹೆಸರು, ಊರು, ಶಾಲೆ. ಒಂದೊಂದು ವರ್ಷದ ರಿಜಿಸ್ಟರನ್ನೂ ತೆರೆದು, ಆ ಹೆಸರು ಕಂಡಾಗಲೆಲ್ಲ ಚೀಟಿಯ ಮೇಲೆ ಕೆಂಪು ಮಸಿಯ ಒಂದು ಗೆರೆ. ನಾಲ್ಕು ಗೆರೆ ಬಿದ್ದ ಚೀಟಿ ಬಲಗಡೆ, ಉಳಿದವು ಎಡಗಡೆ. ಹೇಳಲು ಸುಲಭ. ಮೊದಲ ಎರಡು ವರ್ಷದ ಮತ್ತು ನಾಲ್ಕನೆಯ ವರ್ಷದ ರಿಜಿಸ್ಟರುಗಳು ಕಪಾಟಿನಲ್ಲೇ ಸಿಕ್ಕವು. ಮೂರನೆಯ ವರ್ಷದ್ದು ಎಲ್ಲೂ ಇಲ್ಲ. ದಫ್ತರಖಾನೆಯ ಗಂಟುಗಳನ್ನೆಲ್ಲ ಬಿಚ್ಚಿ ಧೂಳು ಕುಡಿದು ಮೂರು ದಿನ ಸೀನಿದೆ. ಕೊನೆಗೆ ನಮ್ಮ ಚಪರಾಸಿ ಕೂಡುವ ಬೆಂಚಿನ ಮೋಟು ಕಾಲಿನ ಕೆಳಗೆ ಸಿಕ್ಕಿತು. ಒಂದು ವರ್ಷದಿಂದ ಅದು ಅವನ ಭಾರ ಹೊತ್ತಿತ್ತು. ಎಂಟು ಹಾಳೆಗಳನ್ನು ಗೆದ್ದಲು ತಿಂದಿತ್ತು. ಆ ಹಾಳೆಗಳಲ್ಲಿದ್ದ ಶಾಲೆಗಳಿಗೆ ಕಾಗದ ಬರೆದು, ಅವರ ದಾಖಲೆಯ ನಕಲು ತರಿಸಬೇಕಾಯಿತು. ಕೆಲವರು ಕಳಿಸಿದರು. ಕೆಲವರು ಎರಡನೆಯ ಕಾಗದಕ್ಕೆ ಕಳಿಸಿದರು. ಒಬ್ಬ ಹೆಡ್ ಮಾಸ್ತರರು ನಕಲು ಕಳಿಸದೆ, ತಮ್ಮ ಶಾಲೆಯ ಮಾಳಿಗೆ ಸೋರುತ್ತದೆ ಎಂದು ಅರ್ಜಿ ಕಳಿಸಿದರು.

ನಿಯಮದಲ್ಲಿ ನಾನು ಯಾರಿಗೂ ರಿಯಾಯತಿ ಕೊಡಲಿಲ್ಲ. ಸೇಡಂ ಕಡೆಯ ಒಬ್ಬ ಹುಡುಗ ಮೂರು ವರ್ಷ ಇಡೀ ಜಿಲ್ಲೆಗೆ ಮೊದಲು ಬಂದಿದ್ದ. ನಾಲ್ಕನೆಯ ವರ್ಷ ಸಿಡುಬು ಬಂದು ಪರೀಕ್ಷೆಗೆ ಕೂಡಲಿಲ್ಲ. ಅವನ ಮೇಷ್ಟರು ಕಲಬುರ್ಗಿಗೆ ಬಂದು ಕಚೇರಿಯ ಕಟ್ಟೆಯ ಮೇಲೆ ಕೂತು ನನ್ನ ದಾರಿ ಕಾದರು. ನಿಯಮ ತೋರಿಸಿ ಕಳಿಸಿದೆ. ಚೀಟಿ ಎಡಗಡೆಗೆ ಹೋಯಿತು.

ಕೊನೆಗೆ ಬಲಗಡೆ ಉಳಿದ ಚೀಟಿಗಳು ಹನ್ನೊಂದು. ಹನ್ನೊಂದೂ ಹುಡುಗರವು. ಹುಡುಗಿಯರ ಚೀಟಿಗಳನ್ನು ಮತ್ತೊಮ್ಮೆ ತಿರುವಿದೆ. ಮೂರು ಗೆರೆಯ ಒಂದಿತ್ತು, ಎರಡು ಗೆರೆಯವು ಕೆಲವು. ನಾಲ್ಕು ಗೆರೆಯದಿಲ್ಲ. ಸಾಹೇಬರ ಮುಂದೆ ಹೇಳಿದೆ. ಅವರಿಗೆ ಬೇಸರವಾಯಿತು, ಯಾಕೆಂದರೆ ಅವರೇ ಓಡಾಡಿ ತೆರೆಸಿದ ಹೆಣ್ಣುಮಕ್ಕಳ ಶಾಲೆಗಳು ಅವು. ಪಕ್ಕದ ಜಿಲ್ಲೆಯವರು ಹುಡುಗಿಯೊಬ್ಬಳ ಹೆಸರು ಕಳಿಸುತ್ತಾರಂತೆ, ನಮ್ಮ ಜಾಗ ಖಾಲಿ ಉಳಿದರೆ ಅದೂ ಅವರಿಗೇ ಹೋಗುತ್ತದೆ ಎಂದರು. ಆದರೆ ಇಲ್ಲದ್ದನ್ನು ಎಲ್ಲಿಂದ ತರುವುದು? ಪಟ್ಟಿಯಲ್ಲಿ ಹುಡುಗಿಯರ ಖಾನೆಯೆದುರು ‘ನದಾರದ್’ ಎಂದು ಬರೆದೆ. ಯಾರೂ ಇಲ್ಲ ಎಂದು ಅದರ ಅರ್ಥ. ನನ್ನ ಅಕ್ಷರ ಚೆನ್ನಾಗಿತ್ತು, ಆ ಪದವಂತೂ ಬಹಳ ಚೆನ್ನಾಗಿ ಬಂತು. ಸಾಹೇಬರು ದಸ್ತಖತ್ ಹಾಕಿದರು. ಒಂದು ನಕಲು ಹೈದರಾಬಾದಿಗೆ, ಇನ್ನೊಂದು ಸನದುಗಳ ಮೇಲೆ ಹೆಸರು ಬರೆಯುವುದಕ್ಕೆ ಮೋಮಿನಪುರದ ಕಾತಿಬರಿಗೆ ಹೋಯಿತು. ಅವರು ಮಸೀದಿಯ ಹಿಂದಿನ ಓಣಿಯಲ್ಲಿ ಕೂತು ಸುಂದರ ಅಕ್ಷರ ಬರೆಯುವ ಮುದುಕರು.

ಮರುದಿನ ಶುಕ್ರವಾರ, ಕಚೇರಿಗೆ ರಜೆ. ಮುಂದಿನ ಗುರುವಾರ ಸನದು ಕೊಡುವ ದಿನ. ನಾನು ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ನೆಮ್ಮದಿಯಾಗಿ ಕೂತಿದ್ದೆ. ಆಳಂದದಿಂದ ನನ್ನ ಹೆಂಡತಿಯ ಅಣ್ಣ ಬಂದರು. ಹೊಸ್ತಿಲಲ್ಲಿ ನಿಂತು ಒಳಗೆ ಮುಖ ಮಾಡಿ ಒಂದು ಹೆಸರು ಕೂಗಿದರು. ಯಾರನ್ನು ಕರೆಯುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಅಂಥ ಹೆಸರಿನವರು ನಮ್ಮ ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಣ್ಣನನ್ನು ನೋಡಿ ಅವಳ ಮುಖ ಅರಳಿದ್ದು ಕಂಡೆ. ಮದುವೆಯ ದಿನ ಅಕ್ಕಿ ಹರಡಿದ ತಾಟಿನಲ್ಲಿ ಉಂಗುರ ಹಿಡಿದು ಅವಳ ಹೊಸ ಹೆಸರು ಬರೆದವನು ನಾನೇ. ಎಂಟು ವರ್ಷದಲ್ಲಿ ಹಳೆಯದನ್ನು ಪೂರ್ತಿ ಮರೆತಿದ್ದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುವ ಪದ್ಧತಿ ಅದು. ತವರಿನ ಹೆಸರು ತವರಿಗೆ, ಗಂಡನ ಮನೆಯಲ್ಲಿ ಹೊಸದು.

ಭಾವನವರು ಕೈಕಾಲು ತೊಳೆಯುತ್ತಿದ್ದಾಗ ನನಗೆ ಎಡಗಡೆಯ ಎರಡು ಚೀಟಿಗಳು ನೆನಪಾದವು. ಎರಡೂ ಕಮಲಾಪುರದ ಹೆಣ್ಣುಮಕ್ಕಳ ಶಾಲೆಯವು. ಭಾಗಮ್ಮ ಎಂಬ ಹುಡುಗಿ ಮೊದಲ ಎರಡು ವರ್ಷ ವಜೀಫಾ ಗೆದ್ದು ಆಮೇಲೆ ಕಾಣೆಯಾಗಿದ್ದಳು. ಶರಣಮ್ಮ ಎಂಬಾಕೆ ಮೊದಲೆರಡು ವರ್ಷ ಎಲ್ಲೂ ಇಲ್ಲದೆ, ಮೂರನೆಯ ವರ್ಷ ಎಲ್ಲಿಂದಲೋ ಬಂದು, ಆ ವರ್ಷವೂ ಮುಂದಿನ ವರ್ಷವೂ ಗೆದ್ದಿದ್ದಳು. ತಂದೆಯ ಹೆಸರು ಬೇರೆ ಬೇರೆ ಇತ್ತು. ಒಬ್ಬಳು ಶಾಲೆ ಬಿಟ್ಟಳು, ಇನ್ನೊಬ್ಬಳು ಸೇರಿದಳು ಎಂದುಕೊಂಡು ದಾಟಿ ಹೋಗಿದ್ದೆ. ಆದರೆ ನಮ್ಮ ನಮೂನೆಯಲ್ಲಿ ಇದ್ದದ್ದು ತಂದೆಯ ಹೆಸರಿಗೆ ಒಂದೇ ಖಾನೆ. ಮದುವೆಯಾದ ಹುಡುಗಿಯ ಮಾವನ ಹೆಸರನ್ನೂ ಅದರಲ್ಲೇ ಬರೆದಿದ್ದರೆ? ನನಗೆ ಊಟ ಸೇರಲಿಲ್ಲ. ಭಾವನವರು ಆಳಂದದ ಮಳೆಬೆಳೆ ಹೇಳುತ್ತಿದ್ದರು, ನಾನು ಹೂಂ ಹೂಂ ಅನ್ನುತ್ತಿದ್ದೆ.

ಶನಿವಾರ ಕಚೇರಿ ತೆಗೆಯುತ್ತಲೇ ಚೀಟಿಗಳನ್ನು ಹುಡುಕಿದೆ, ರಿಜಿಸ್ಟರಿನ ವಯಸ್ಸಿನ ಖಾನೆ ನೋಡಿದೆ. ಭಾಗಮ್ಮನಿಗೆ ಒಂಬತ್ತು, ಹತ್ತು. ಶರಣಮ್ಮನಿಗೆ ಹನ್ನೊಂದು, ಹನ್ನೆರಡು. ಲೆಕ್ಕದಲ್ಲಿ ನಾಲ್ಕೂ ವರ್ಷ ತಾಲೂಕಿಗೆ ಮೊದಲು.

ಸಾಹೇಬರ ಮುಂದೆ ಚೀಟಿಗಳನ್ನಿಟ್ಟು ಎಲ್ಲ ಹೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದರ ಸಾರ ಇಷ್ಟು: ದಸ್ತಖತ್ ಆದ ಪಟ್ಟಿಯನ್ನು ತಿದ್ದುವ ಅಧಿಕಾರ ನನಗೂ ಇಲ್ಲ. ಪಟ್ಟಿ ತಯಾರಿಸಿದವನು ತಪ್ಪು ತನ್ನದೆಂದು ಬರೆದುಕೊಟ್ಟರೆ ಮಾತ್ರ ತೆರೆಯಬಹುದು. ಬರೆದುಕೊಟ್ಟರೆ ಅದು ನಿನ್ನ ನೌಕರಿಯ ಪುಸ್ತಕಕ್ಕೆ ಏರುತ್ತದೆ, ಮುಂದಿನ ಬಡ್ತಿಯ ಹೊತ್ತಿಗೆ ಅದನ್ನೇ ಮೊದಲು ಓದುತ್ತಾರೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಬ್ಬರೂ ಒಬ್ಬಳೇ ಎಂಬುದು ಇನ್ನೂ ನಿನ್ನ ಊಹೆ ತಾನೇ?

ಊಹೆಯೇ ಹೌದು. ಸುಮ್ಮನಿರುವುದು ಸುಲಭವೂ ಆಗಿತ್ತು, ಒಂದರ್ಧ ತಾಸು ಸುಮ್ಮನೇ ಇದ್ದೆ. ಸೇಡಂ ಹುಡುಗನ ಮೇಷ್ಟರಿಗೆ ನಿಯಮ ತೋರಿಸಿದ ಬೆರಳು ಇದೇ ಎಂಬುದು ಅಡ್ಡ ಬಂತು. ನಿಯಮ ಅವನನ್ನು ಹೊರಗಿಟ್ಟಿದ್ದರೆ, ಅದೇ ನಿಯಮ ಇವಳನ್ನು ಒಳಗೆ ತರಬೇಕು. ಕಾಗದ ತೆಗೆದುಕೊಂಡು ‘ನದಾರದ್’ ಎಂದು ಬರೆದದ್ದು ನನ್ನ ತಪ್ಪು, ಎರಡು ಹೆಸರುಗಳನ್ನು ಪರಿಶೀಲಿಸದೆ ಬಿಟ್ಟೆ ಎಂದು ಬರೆದು ದಸ್ತಖತ್ ಹಾಕಿದೆ. ಆ ಸಲ ಅಕ್ಷರ ಅಷ್ಟು ಚೆನ್ನಾಗಿ ಬರಲಿಲ್ಲ. ಸಾಹೇಬರು ಅದನ್ನು ಮೇಜಿನ ಖಾನೆಯಲ್ಲಿಟ್ಟರು. ಬುಧವಾರದೊಳಗೆ ಪುರಾವೆ ತರಬೇಕು: ಶಾಲೆಯ ಉಸ್ತಾನಿ, ಊರ ಪಾಟೀಲ, ಹುಡುಗಿಯ ಎರಡೂ ಮನೆಯವರು, ನಾಲ್ವರೂ ಇಬ್ಬರು ಒಬ್ಬಳೇ ಎಂದು ಬರೆದುಕೊಡಬೇಕು. ಯಾರೊಬ್ಬರು ತಪ್ಪಿದರೂ ಪಟ್ಟಿ ಹಾಗೇ ಇರುತ್ತದೆ.

ಭಾನುವಾರ ಬೆಳಿಗ್ಗೆ ಸ್ಟೇಶನ್ ಬಜಾರದಲ್ಲಿ ಟಾಂಗಾ ಗೊತ್ತುಮಾಡಿಕೊಂಡು ಹೊರಟೆ. ಕಮಲಾಪುರ ಮುಟ್ಟುವ ಹೊತ್ತಿಗೆ ನನ್ನ ಎಲುಬುಗಳೆಲ್ಲ ಎಲ್ಲೆಲ್ಲಿವೆ ಎಂದು ಪ್ರತ್ಯೇಕವಾಗಿ ಗೊತ್ತಾಗಿತ್ತು. ಆ ರಾತ್ರಿ ಚಾವಡಿಯಲ್ಲಿ ಮಲಗಿ, ಸೋಮವಾರ ಶಾಲೆ ಕೂಡುವುದಕ್ಕೂ ಮೊದಲೇ ಹೋಗಿ ನಿಂತೆ.

ಶಾಲೆ ಎಂದರೆ ಒಬ್ಬರ ಮನೆಯ ಪಡಸಾಲೆ. ಉಸ್ತಾನಿ ಬೀದರ ಕಡೆಯ ಮುಸಲ್ಮಾನ ಹೆಣ್ಣುಮಗಳು, ಐವತ್ತರ ಹತ್ತಿರ, ಚುರುಕು ಮಾತು. ನಾನು ಎರಡು ಹೆಸರು ಹೇಳಿದ ಕೂಡಲೇ ನಕ್ಕುಬಿಟ್ಟರು. ಒಬ್ಬಾಕೆಯೇ ಎಂದರು. ಲಗ್ನ ಗೊತ್ತಾದಾಗ ತಂದೆ ಶಾಲೆ ಬಿಡಿಸಿದ. ಲಗ್ನವಾಗಿ ಎರಡು ತಿಂಗಳಿಗೆ ಅತ್ತೆ ಕೈ ಹಿಡಿದು ಕರೆತಂದು ಹೊಸ ಹೆಸರಿನಲ್ಲಿ ಸೇರಿಸಿದಳು. ಗಂಡನ ಮನೆ ಅದೇ ಊರಲ್ಲೇ, ಎರಡು ಓಣಿ ಆಚೆ. ಹಾಗಾದರೆ ದಾಖಲೆಯಲ್ಲಿ ಇದನ್ನೇಕೆ ಬರೆಯಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಉಸ್ತಾನಿ ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿದರು.

“ಎಲ್ಲಿ ಬರೀಲಿ ಮುನ್ಶಿಜೀ? ಲಗ್ನ ಆದ ಹುಡುಗಿ ಶಾಲಿಗೆ ಬರ್ತಾಳಂತ ನಿಮ್ಮ ಕಚೇರಿಗೇ ಗೊತ್ತಿಲ್ಲ. ಇದರಾಗ ಅದಕ್ಕ ಖಾನೆ ಎಲ್ಲದ ತೋರಸ್ರಿ.”

ನಮೂನೆ ಹಾಕಿದವನು ನಾನಲ್ಲ. ಆದರೂ ರಿಜಿಸ್ಟರನ್ನು ಮುಚ್ಚಿದೆ. ಹುಡುಗಿ ಹೇಗೆ ಎಂದು ಕೇಳಿದೆ. ಕೆಳಗಿನ ತರಗತಿಯ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವುದು ಈಗ ಅವಳೇ ಎಂದರು. ಉಸ್ತಾನಿ ಕ್ಲಾಸಿನ ಸಂಗತಿ ಕೇಳಿದಾಗಿನಿಂದ ದಿನಾ ಒಮ್ಮೆಯಾದರೂ ಕಾಗದ ಬಂತೇ ಎಂದು ವಿಚಾರಿಸುತ್ತಾಳಂತೆ. ಅತ್ತೆಯೂ ಒಪ್ಪಿದ್ದಾಳೆ, ಸರಕಾರವೇ ಸನದು ಕೊಟ್ಟು ಕರೆದರೆ ಕಳಿಸುತ್ತೇನೆ, ನಾವಾಗಿ ಹೋಗಿ ಬಾಗಿಲು ಬಡಿಯುವುದಿಲ್ಲ ಎಂದು. ನಮ್ಮ ಪಟ್ಟಿಯಲ್ಲಿ ಹೆಸರಿಲ್ಲ ಎಂಬುದು ಇವರಿಗಿನ್ನೂ ತಿಳಿದಿರಲಿಲ್ಲ. ಹೇಳಿದೆ. ಉಸ್ತಾನಿ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹೇಳಿಕೆಯ ಕಾಗದ ಇಸಿದುಕೊಂಡು ದಸ್ತಖತ್ ಹಾಕಿ, ಪಾಟೀಲರ ಹತ್ತಿರ ತಾವೇ ಹೋಗಿ ಅವರ ದಸ್ತಖತನ್ನೂ ತಂದುಕೊಟ್ಟರು.

ಹುಡುಗಿಯ ತಂದೆ ಕಿರಾಣಿ ಅಂಗಡಿಯವರು. ಸಂಗತಿ ಕೇಳಿ ಬಹಳ ಸಂತೋಷಪಟ್ಟರು. ನಮ್ಮ ಭಾಗಮ್ಮ ಮೊದಲಿಂದಲೂ ಹೀಗೇ, ನಮ್ಮ ಮನೆತನದಲ್ಲೇ ವಿದ್ಯೆ ಇದೆ ಎಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದರು. ನನಗೆ ಎರಡು ಕೆಂಪು ಬಾಳೆಹಣ್ಣು ಕೊಟ್ಟರು. ಶಾಲೆ ಬಿಡಿಸಿದ್ದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ದಸ್ತಖತಿಗೆ ಎರಡು ನಿಮಿಷ ಹಿಡಿಯಿತು. ಇನ್ನೊಂದು ಮನೆಯೂ ಹೀಗೇ ಆದರೆ ಸಂಜೆಯೊಳಗೆ ಹೊರಡಬಹುದು ಎಂದು ಲೆಕ್ಕ ಹಾಕಿದೆ.

ಅಲ್ಲಿಗೆ ಉಸ್ತಾನಿಯೂ ಜೊತೆಗೆ ಬಂದರು. ಆ ಮನೆಯ ಯಜಮಾನಿಕೆ ಹುಡುಗಿಯ ಅತ್ತೆಯದು. ಗಂಡ ತೀರಿಕೊಂಡ ಮೇಲೆ ಬಾಳೆಯ ತೋಟ, ಆಳುಕಾಳು ಎಲ್ಲ ಆಕೆಯೇ ನೋಡುತ್ತಿದ್ದರು. ಮಗ ತೋಟದಲ್ಲಿದ್ದ, ಇದ್ದಿದ್ದರೂ ತಾಯಿಯ ಮಾತು ಮೀರುವವನಲ್ಲ ಎಂದು ಉಸ್ತಾನಿ ಮೊದಲೇ ಹೇಳಿದ್ದರು. ಆಕೆ ಕಂಬಳಿ ಹಾಸಿ ಕೂಡಿಸಿದರು, ನೀರು ಬೆಲ್ಲ ಕೊಟ್ಟರು. ನಾನು ಹೇಳಿಕೆಯನ್ನು ಓದಿ ಹೇಳಿದೆ. ‘ಭಾಗಮ್ಮ’ ಎಂಬ ಮಾತು ಬಂದಲ್ಲಿ ಕೈ ಎತ್ತಿ ನಿಲ್ಲಿಸಿದರು. ಈ ಮನೆಯಲ್ಲಿ ಆ ಹೆಸರು ಯಾರೂ ತೆಗೆಯುವುದಿಲ್ಲ, ಸರಕಾರದವರೂ ತೆಗೆಯಬಾರದು ಎಂದರು. ಪದ್ಧತಿಯ ಹಟ ಎಂದುಕೊಂಡೆ. ನಯವಾಗಿ ತಿಳಿಸಿ ಹೇಳಲು ಹೋದೆ. ಆಗ ಆಕೆ ಅಂದದ್ದು ನನಗೆ ಇನ್ನೂ ಹಾಗೇ ನೆನಪಿದೆ.

“ಲಗ್ನ ಗೊತ್ತಾದ ಮರುದಿನಾನೇ ಶಾಲಿ ಬಿಡಿಸಿದಾವ ಅವರಪ್ಪ. ಮಂದಿ ನಗ್ತಾರಂದ್ರೂ ಕೇಳದ ಮತ್ತ ಶಾಲಿಗಿ ಹಾಕಿದಾಕಿ ನಾ. ಈಗ ಸನದಿನ್ಯಾಗ ಅವನ ಮನಿ ಹೆಸರು ಬರೀತೀರೇನ್ರಿ ಸಾಹೇಬ್ರ?”

ಆಕೆಯ ಮಾತು ನ್ಯಾಯದ್ದೇ ಆಗಿತ್ತು. ಮದುವೆಯಾದ ಸೊಸೆಯನ್ನು ಶಾಲೆಗೆ ಕಳಿಸಿದ್ದಕ್ಕೆ ಓಣಿಯವರು ಏನೆಲ್ಲ ಅಂದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಹಾಗೇಕೆ ಮಾಡಿದಿರಿ ಎಂದು ಕೇಳಿದೆ. ವರ್ಷಾ ವರ್ಷಾ ಸರಕಾರ ಆರಿಸುವ ಹುಡುಗಿಯನ್ನು ಕಸಮುಸುರೆಗೆ ಹಚ್ಚಲು ಮನಸ್ಸು ಬರಲಿಲ್ಲ, ಅಷ್ಟೇ ಎಂದರು. ಸನದಿನ ಮೇಲೆ ಶರಣಮ್ಮ ಎಂದು ಬರೆಯಿರಿ, ಹೆಬ್ಬೆಟ್ಟು ಈಗಲೇ ಒತ್ತುತ್ತೇನೆ. ಇಲ್ಲವಾದರೆ ಇಲ್ಲ ಎಂದರು. ಉಸ್ತಾನಿ ಏನೋ ಹೇಳಹೋದರು. ಅತ್ತೆ ಅವರಿಗೂ ಹಾಗೇ ಕೈ ತೋರಿಸಿದರು.

ಹುಡುಗಿ ಅಡಿಗೆಮನೆಯ ಬಾಗಿಲ ಹತ್ತಿರ ನಿಂತಿದ್ದಳು. ಅಷ್ಟೂ ಹೊತ್ತು ನಾನು ಅವಳನ್ನು ಸರಿಯಾಗಿ ನೋಡಿರಲಿಲ್ಲ. ಸಣ್ಣ ಆಳು, ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ. ಅವಳೇ ಮಾತಾಡುತ್ತಾಳೆ ಎಂದು ನಾವು ಯಾರೂ ಎಣಿಸಿರಲಿಲ್ಲ.

“ಅತ್ತಿ, ಬರೇ ಶರಣಮ್ಮ ಅಂದ್ರ ಎರಡೇ ವರ್ಷ ಆಗ್ತದ. ನಾಲ್ಕು ಆಗಬೇಕಂದ್ರ ಇಬ್ಬರೂ ಬೇಕು.”

ದನಿಯಲ್ಲಿ ಬೇಡಿಕೆ ಇರಲಿಲ್ಲ, ಎದುರು ಮಾತೂ ಅಲ್ಲ. ಹಲಗೆಯ ಮೇಲೆ ಲೆಕ್ಕ ಬಿಡಿಸಿ ಮೇಷ್ಟರಿಗೆ ತೋರಿಸುವವರು ಹೇಳುವಂತೆ ಹೇಳಿದಳು. ನಮ್ಮ ಕಚೇರಿಯಲ್ಲಿ ತಿಂಗಳುಗಟ್ಟಲೆ ನಾನು ಮಾಡಿದ ಕೆಲಸವೆಲ್ಲ ಆ ಎರಡು ಮಾತಿನಲ್ಲಿತ್ತು. ಅತ್ತೆ ಅವಳ ಕಡೆ ತಿರುಗಿ ನೋಡಿದರು. ಬೆರಳು ಮಡಚಿ ತಾವೂ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಎರಡೂ ಹೆಸರು ಬರುತ್ತವೆಯೇ ಎಂದು ಕೇಳಿದರು. ಬರುತ್ತವೆ ಎಂದೆ. ನಮ್ಮ ಮನೆಯ ಹೆಸರು ಖಂಡಿತ ಇರುತ್ತದೆಯೇ ಎಂದರು. ಇರುತ್ತದೆ, ನನ್ನ ಮಾತು ಎಂದೆ. ಹೆಬ್ಬೆಟ್ಟು ಒತ್ತಿದರು. ಹೊರಡುವಾಗ ಹುಡುಗಿಯನ್ನು ಕೇಳಿದೆ, ಕಲಬುರ್ಗಿಗೆ ಹೋಗುವ ಮನಸ್ಸಿದೆಯೇ ತಂಗಿ ಎಂದು. ಅವಳು ಅತ್ತೆಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಹೌದೆಂದು ತಲೆಯಾಡಿಸಿದಳು.

ಗುರುವಾರ ಹೊತ್ತೇರುವುದರೊಳಗೆ ಕಲಬುರ್ಗಿಯ ದೊಡ್ಡ ಶಾಲೆಗೆ ಬರಬೇಕು, ಹುಡುಗಿ ಸ್ವತಃ ನಿಂತು ತೆಗೆದುಕೊಳ್ಳದಿದ್ದರೆ ಸನದೂ ಇಲ್ಲ, ಜಾಗವೂ ಇಲ್ಲ ಎಂದು ಎರಡು ಸಲ ಹೇಳಿ ಮರಳಿ ಹೊರಟೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಮೆಚ್ಚುಗೆಯಾಗಿತ್ತು.

ಬುಧವಾರ ಬೆಳಿಗ್ಗೆ ಸಾಹೇಬರು ಹೇಳಿಕೆಯನ್ನು ಓದಿ, ನಾಲ್ಕೂ ಗುರುತುಗಳನ್ನು ನೋಡಿ, ‘ನದಾರದ್’ ಮೇಲೆ ಅಡ್ಡಗೆರೆ ಎಳೆದರು. ಅವರ ಮುಖದಲ್ಲಿ ಸಂತೋಷ ಕಂಡಿತು, ನನ್ನ ತಪ್ಪೊಪ್ಪಿಗೆಯನ್ನು ಮಾತ್ರ ಫೈಲಿನೊಳಗೆ ಸೇರಿಸಿಯೇ ಕಟ್ಟಿದರು. ಸನದಿನಲ್ಲಿ ಎರಡು ಹೆಸರು ಬರೆಸುತ್ತೇನೆ ಎಂದೆ. ಸಾಹೇಬರು ಹುಕುಮಿನ ಮೂರನೆಯ ಪುಟ ತೆಗೆದು ನನ್ನ ಮುಂದಿಟ್ಟರು. ಸನದಿನ ಮೇಲೆ ಬರೆಯಬೇಕಾದ್ದು ವಿದ್ಯಾರ್ಥಿ ಮೊದಲ ವರ್ಷ ಗೆದ್ದಾಗ ಇದ್ದ ಹೆಸರು, ಅದೊಂದೇ. ಸ್ಪಷ್ಟವಾಗಿತ್ತು. ನಾನು ಕಣ್ಣಾಡಿಸಿ ಬಿಟ್ಟ ಪುಟ ಅದು.

ಉರ್ಫ್ ಎಂದು ಸೇರಿಸಿದರೆ ಹೇಗೆ ಎಂದು ಕೇಳಿದೆ. ಉರ್ಫ್ ಎನ್ನುವುದು ಪೊಲೀಸರ ವಾರಂಟಿನಲ್ಲಿ ಕಳ್ಳರಿಗೆ ಹಾಕುವ ಮಾತು, ಸರಕಾರದ ಸನದಿನಲ್ಲಿ ಹಾಕಿ ದೊಡ್ಡ ಸಾಹೇಬರ ಮುಂದೆ ಹಿಡಿಯಲೇನು ಎಂದರು. ಮೋಮಿನಪುರಕ್ಕೆ ಓಡಿದೆ. ಕಾತಿಬರು ಕನ್ನಡಕ ಏರಿಸಿ ಉಳಿದ ಒಂದೇ ಒಂದು ನಮೂನೆಯನ್ನು ತೋರಿಸಿದರು. ಹೆಸರಿಗೆ ಒಂದೇ ಸಾಲು. ಎರಡು ಹೆಸರು ತುರುಕಿದರೆ ಅಕ್ಷರ ಕೆಡುತ್ತದೆ, ಕೆಟ್ಟರೆ ಬೇರೆ ನಮೂನೆ ಹೈದರಾಬಾದಿನಿಂದ ಬರಬೇಕು, ಅಷ್ಟರಲ್ಲಿ ದೊಡ್ಡ ಸಾಹೇಬರು ರೈಲು ಹತ್ತಿ ಹೋಗಿರುತ್ತಾರೆ ಎಂದರು. ಕಮಲಾಪುರಕ್ಕೆ ಸುದ್ದಿ ಮುಟ್ಟಿಸಲು ವೇಳೆಯಿರಲಿಲ್ಲ. ಆ ಮನೆಯ ಹೆಸರು ಇರುತ್ತದೆ ಎಂದು ಮಾತು ಕೊಟ್ಟವನು ನಾನು, ಈಗ ತಂದೆಯ ಮನೆಯ ಹೆಸರೊಂದನ್ನೇ ಬರೆಯಿರಿ ಎಂದು ಹೇಳಬೇಕಾದವನೂ ನಾನೇ. ಹೇಳಿದೆ. ಕಾತಿಬರು ಬಿಸ್ಮಿಲ್ಲಾ ಎಂದು ಲೇಖನಿ ಅದ್ದಿ ‘ಭಾಗಮ್ಮ’ ಎಂದು ಬರೆದರು. ಹನ್ನೆರಡು ಸನದುಗಳಲ್ಲಿ ಎಲ್ಲಕ್ಕಿಂತ ಚಂದ ಬಂದದ್ದು ಅದೇ.

ಗುರುವಾರ ನಾನು ಶಾಲೆಯ ಮುಂದೆ ಬೇವಿನ ಮರದ ಕೆಳಗೆ ಕಾದು ನಿಂತೆ. ಕಮಲಾಪುರದ ಬಂಡಿ ಬಂತು. ಅತ್ತೆ, ಸೊಸೆ ಇಬ್ಬರೂ ಹೊಸ ಇಳಕಲ್ಲ ಸೀರೆ ಉಟ್ಟಿದ್ದರು. ಸಭೆ ಮುಗಿದ ಮೇಲೆ ಹೇಳಿದರಾಯಿತು ಎಂದು ಒಂದು ಮನಸ್ಸು ಹೇಳಿತು. ಸನದು ಕೈಗೆ ಬಂದ ಮೇಲೆ ಆಕೆ ಏನು ಮಾಡಬಲ್ಲರು? ಆದರೆ ಆಕೆಗೆ ಓದಲು ಬರುವುದಿಲ್ಲ ಎಂಬುದನ್ನು ಉಪಯೋಗಿಸಿಕೊಂಡಂತಾಗುತ್ತಿತ್ತು ಅದು. ಬಂಡಿಯ ಹತ್ತಿರ ಹೋದೆ.

“ಅವ್ವಾರ, ನಾ ಕೊಟ್ಟ ಮಾತು ನಡಸ್ಲಿಕ್ಕ ಆಗಲಿಲ್ಲ. ಸನದಿನ್ಯಾಗ ಒಂದೇ ಹೆಸರು ಅದ. ತವರಮನೀದು. ಹುಕುಂ ಪೂರ್ತಿ ಓದದ ಮಾತು ಕೊಟ್ಟಿದ್ದೆ, ತಪ್ಪು ನಂದದ.”

ಆಕೆ ನನ್ನನ್ನು ಬೈಯಲಿಲ್ಲ. ನಾವು ಹೀಗೇ ತಿರುಗಿ ಹೋದರೆ ಏನಾಗುತ್ತದೆ ಎಂದು ಮಾತ್ರ ಕೇಳಿದರು. ಜಾಗ ಬೇರೆ ಜಿಲ್ಲೆಯ ಹುಡುಗಿಗೆ ಹೋಗುತ್ತದೆ ಎಂದೆ. ಬಂಡಿ ಹೊಡೆಯುವವನು ಎತ್ತಿನ ಕೊರಳಿಗೆ ಕೈ ಹಾಕಿದ್ದ. ಬಿಚ್ಚಬೇಡ, ನಿಲ್ಲು ಎಂದು ಅವನಿಗೆ ಹೇಳಿದರು. ಒಳಗಿನಿಂದ ಸಾಹೇಬರು ನನ್ನನ್ನು ಕರೆಯುತ್ತಿದ್ದಾರೆಂದು ಚಪರಾಸಿ ಬಂದ. ಅವರಿಬ್ಬರನ್ನೂ ಬಂಡಿಯಲ್ಲೇ ಬಿಟ್ಟು ಹೋಗಬೇಕಾಯಿತು. ನನ್ನ ನೌಕರಿಯಲ್ಲಿ ಅಷ್ಟು ನಾಚಿಕೆ ಮತ್ತೆಂದೂ ಆಗಲಿಲ್ಲ.

ಸಭೆ ತುಂಬಿತ್ತು. ವೇದಿಕೆಯ ಮೇಲೆ ದೊಡ್ಡ ಸಾಹೇಬರು, ಎಡಕ್ಕೆ ಹೆಣ್ಣುಮಕ್ಕಳಿಗೆಂದು ಪರದೆ ಕಟ್ಟಿದ ಜಾಗ. ಕನ್ನಡದ ಹೆಸರುಗಳಿಗೆ ತಮ್ಮ ನಾಲಿಗೆ ಹೊರಳುವುದಿಲ್ಲ, ನೀನೇ ಓದು ಎಂದು ಸಾಹೇಬರು ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಕರೆದ ಹೆಸರಿನವರು ಬಂದು ಸನದು ತೆಗೆದುಕೊಂಡ ಮೇಲೆ ಪಟ್ಟಿಯಲ್ಲಿ ‘ಹಾಜರ್’ ಎಂದು ಬರೆಯುವುದೂ ನನ್ನ ಕೆಲಸವೇ. ಹುಡುಗರು ಒಬ್ಬೊಬ್ಬರಾಗಿ ಬಂದರು, ಸಲಾಮು ಮಾಡಿದರು, ಹೋದರು. ಚಪ್ಪಾಳೆ ಬಿದ್ದವು. ನಾನು ಹೆಸರು ಓದುತ್ತ ಬಾಗಿಲ ಕಡೆ ನೋಡುತ್ತಿದ್ದೆ. ಬೇವಿನ ಮರ ಅಲ್ಲಿಂದ ಕಾಣಿಸುತ್ತಿರಲಿಲ್ಲ. ಪರದೆಯ ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂಬುದೂ ಗೊತ್ತಾಗುವಂತಿರಲಿಲ್ಲ.

ಹನ್ನೊಂದು ಮುಗಿಯಿತು. ಹನ್ನೆರಡನೆಯ ಹೆಸರು ಓದಿದೆ. ಯಾರೂ ಏಳಲಿಲ್ಲ. ಸಾಹೇಬರು ನನ್ನ ಕಡೆ ನೋಡಿದರು. ಮತ್ತೊಮ್ಮೆ, ಜೋರಾಗಿ, ಭಾಗಮ್ಮ ಎಂದೆ. ಪರದೆ ಅಲುಗಲಿಲ್ಲ. ದೊಡ್ಡ ಸಾಹೇಬರು ಸನದನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಮೂರು ಸಲ ಕರೆಯುವುದು ನಿಯಮ. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ಅತ್ತೆಯ ದನಿ ಕೇಳಿತು.

“ಭಾಗಮ್ಮ, ಏಳವ್ವ. ನಿನಗೇ ಕರ್ಯಾಕತ್ತಾರ.”

ಹುಡುಗಿ ಎದ್ದು ಬಂದಳು. ನಾನು ಪಟ್ಟಿಯಲ್ಲಿ ‘ಹಾಜರ್’ ಎಂದು ಬರೆದೆ.